ಬಸ್ಸಿನ ಹಣೆಯಿಂದ ಬೆಳೆದ ಹೆಸರು: ಜಿ.ಡಿ. ನಾಯ್ಡು

ಸಿಂಗಾನಲ್ಲೂರು ಎಂದೊಡನೆ ಕನ್ನಡಿಗರಾದ ನಮಗೆ ಮೊದಲು ನೆನಪಾಗುವುದು ವರನಟ ಡಾ. ರಾಜಕುಮಾರರ ತೀರ್ಥರೂಪರಾದ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು. ಆ ಸಿಂಗಾನಲ್ಲೂರು ಕೊಳ್ಳೇಗಾಲದ ಕಡೆಯದು. ಅದೇ ಹೆಸರಿನ ಇನ್ನೊಂದು ಊರು ಕೊಯಮತ್ತೂರು ಪೇಟೆಯ ಪೂರ್ವ ದಿಕ್ಕಿಗೆ, ತಿರುಚಿ ರಸ್ತೆಯ ಮೇಲಿದೆ. 1956ರ ಅಕ್ಟೋಬರ್ ಕೊನೆಯವರೆಗೆ ಇವೆರಡೂ ಒಂದೇ ಕೊಯಮತ್ತೂರು ಜಿಲ್ಲೆಯ ಊರುಗಳು. ಆ ವರ್ಷದ ನವೆಂಬರ್ 1ರಂದು ಕೊಳ್ಳೇಗಾಲವು ಮೈಸೂರಿಗೆ ಸೇರಿತು. ಅದೇ ದಿನ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಗಡಿಗೆರೆಯ ಆಟವನ್ನು ಬಲ್ಲ ನಮ್ಮ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಕೊಯಮತ್ತೂರಿನ ಸಿಂಗಾನಲ್ಲೂರಿನಲ್ಲಿ ಇಂದು ಒಂದು ದೊಡ್ಡ ಬಸ್‌ಸ್ಟ್ಯಾಂಡ್ ಇದೆ. ತಿರುಚಿ, ಮಧುರೆಗಳ ಕಡೆಗೆ ಹೋಗುವ ಬಸ್ಸುಗಳು ಅಲ್ಲಿಂದ ಹೊರಡುತ್ತವೆ. ಅಲ್ಲಿಂದ ಅದೇ ರಸ್ತೆಯಲ್ಲಿ ಮುಂದೆ ಹೋದರೆ ಸೂಲೂರು. ಸೂಲೂರಿನ ಆಸುಪಾಸಿನಲ್ಲೇ ಕಲಂಗಲ್ ಎಂಬ ಹಳ್ಳಿ. ಒಂದೇ ಒಂದು ಬಸ್ಸಿನಿಂದ ಬದುಕು ಆರಂಭಿಸಿ, ಆ ಬಸ್ಸಿನ ಹಣೆಯ ಮೇಲಿನ ಹೆಸರನ್ನು ರೇಡಿಯೊದ ತನಕ ಬೆಳೆಸಿದ ಜಿ.ಡಿ. ನಾಯ್ಡು ಅವರು ಹುಟ್ಟಿದ್ದು ಈ ಹಳ್ಳಿಯಲ್ಲಿ. ಇಂದು ನಾವು ಹೇಳಹೊರಟಿರುವುದು ಅವರ ಜೀವನದ ಕತೆಯನ್ನು.

ಅದಕ್ಕೆ ಮೊದಲು ಹೆಸರುಗಳ ವಿಚಾರವಾಗಿ ಒಂದೆರಡು ಮಾತು. ಇತ್ತೀಚೆಗೆ ನಮ್ಮ ಹೈಸ್ಕೂಲಿನ ಹುಡುಗರು ಪಾಠಪುಸ್ತಕಕ್ಕಿಂತ ಕಾರುಗಳ ಹೆಸರನ್ನು ಹೆಚ್ಚು ಬಲ್ಲವರಾಗಿದ್ದಾರೆ. ಜರ್ಮನಿಯ ಮರ್ಸಿಡಿಸ್ ಕಾರಿನ ಬೆನ್ನಿಗೆ ಎ.ಎಂ.ಜಿ. ಎಂಬ ಮೂರಕ್ಷರ ಅಂಟಿಸಿದ್ದರೆ ಅದು ಬಹಳ ಬಲದ, ಬಹಳ ವೇಗದ ಗಾಡಿ ಎಂದು ಅವರು ತಟ್ಟನೆ ಹೇಳುತ್ತಾರೆ. 1967ರಲ್ಲಿ ಇಬ್ಬರು ಇಂಜಿನಿಯರುಗಳು ಮರ್ಸಿಡಿಸ್ ಕಾರಿನ ಇಂಜಿನನ್ನು ತಿದ್ದಿ ಬಲಪಡಿಸುವ ಸಣ್ಣ ಕಾರ್ಖಾನೆಯೊಂದನ್ನು ತೆರೆದರು. ಆ ಕಾರ್ಖಾನೆಯ ಗುರುತೇ ಆ ಮೂರಕ್ಷರ. ಕಾರು ಬೇರೆಯವರದು, ಕೈಚಳಕ ಮಾತ್ರ ಇವರದು. 1999ರಲ್ಲಿ ಕಾರಿನ ಕಂಪೆನಿಯೇ ಆ ಕಾರ್ಖಾನೆಯ ಬಹುಪಾಲನ್ನು ಕೊಂಡಿತು, 2009ರಲ್ಲಿ ಎ.ಎಂ.ಜಿ.ಯವರು ಬುಡದಿಂದ ತಾವೇ ರೂಪಿಸಿದ ಮೊದಲ ಕಾರು ಲೋಕದ ಮುಂದೆ ಬಂತು.

ಇಟಲಿಯ ಅಬಾರ್ಥ್‌ನ ಕತೆಯೂ ಹೀಗೆಯೇ. ಕಾರ್ಲೋ ಅಬಾರ್ಥ್ ಎಂಬವರು 1949ರಲ್ಲಿ ಕಂಪೆನಿ ಕಟ್ಟಿ, ಫಿಯಟ್ ಕಂಪೆನಿಯ ಚಿಕ್ಕ ಕಾರುಗಳನ್ನು ಓಟದ ಕಾರುಗಳನ್ನಾಗಿ ಮಾರ್ಪಡಿಸುತ್ತಿದ್ದರು. ತಮ್ಮ ಜನ್ಮರಾಶಿಯಾದ ವೃಶ್ಚಿಕವನ್ನೇ, ಅಂದರೆ ಚೇಳನ್ನೇ ಲಾಂಛನ ಮಾಡಿಕೊಂಡಿದ್ದರು. 1971ರಲ್ಲಿ ಫಿಯಟ್ ಅದನ್ನು ಕೊಂಡಿತು. ಕೆಲವು ದಶಕಗಳ ಕಾಲ ಆ ಹೆಸರು ಫಿಯಟ್ ಕಾರಿನ ಬೆನ್ನಿನ ಅಲಂಕಾರವಾಗಿ ಮಾತ್ರ ಉಳಿದು, 2007ರಲ್ಲಿ ಮತ್ತೆ ಸ್ವಂತ ಕಂಪೆನಿಯಾಗಿ ಎದ್ದಿತು. ಅಷ್ಟು ಹೊತ್ತಿಗೆ ಕಾರ್ಲೋ ಅಬಾರ್ಥ್ ತೀರಿಕೊಂಡು 28 ವರ್ಷ ಕಳೆದಿತ್ತು.

ಬೇರೆಯವರ ಗಾಡಿಯ ಮೇಲೆ ಕುಳಿತು ಬಂದ ಹೆಸರು ಒಂದು ದಿನ ಇಳಿದು ತನ್ನ ಕಾಲ ಮೇಲೆ ನಡೆಯುವುದು ಹೇಗೆ? ಇದಕ್ಕೆ ಉತ್ತರ ಹುಡುಕಲು ಜರ್ಮನಿ, ಇಟಲಿಗಳಿಗೆ ಹೋಗಬೇಕಾಗಿಲ್ಲ. ನಮ್ಮ ಹಿರಿಯರಿಗೆ ಬಸ್ಸಿನ ಹೆಸರೇ ಬಸ್ಸಿನ ಭರವಸೆಯಾಗಿತ್ತು. ಮಂಗಳೂರಿನ ಕಡೆಯ ಸಿ.ಪಿ.ಸಿ., ಶಂಕರ ವಿಠಲ, ಹನುಮಾನ್ ಎಂಬ ಹೆಸರುಗಳನ್ನು ಅಜ್ಜಂದಿರು ಮನೆಯವರ ಹೆಸರಿನಂತೆ ಹೇಳುತ್ತಿದ್ದರು. ಇಂಜಿನು ಯಾವ ವಿಲಾಯತಿ ಕಂಪೆನಿಯದು ಎಂದು ಯಾರೂ ಕೇಳುತ್ತಿರಲಿಲ್ಲ. ಕೊಯಮತ್ತೂರು ಸೀಮೆಯಲ್ಲಿ ಅಂಥದೊಂದು ಹೆಸರು ಯು.ಎಂ.ಎಸ್., ಅಂದರೆ ಯುನಿವರ್ಸಲ್ ಮೋಟಾರ್ ಸರ್ವಿಸ್. ಅದರ ಒಡೆಯರೇ ನಾಯ್ಡು ಅವರು.

ಗೋಪಾಲಸ್ವಾಮಿ ದೊರೈಸ್ವಾಮಿ ನಾಯ್ಡು ಅವರು ಜನಿಸಿದ್ದು 1893ರ ಮಾರ್ಚ್ 23ರಂದು. ತಂದೆ ಗೋಪಾಲಸ್ವಾಮಿ ನಾಯ್ಡು ಬೇಸಾಯಗಾರರು. ಮನೆಮಾತು ತೆಲುಗು, ಸುತ್ತಲಿನ ನಾಡು ತಮಿಳು. ತಾಯಿಯನ್ನು ಬಲು ಎಳೆಯ ವಯಸ್ಸಿನಲ್ಲೇ ಕಳೆದುಕೊಂಡ ಈ ಹುಡುಗನಿಗೆ ಶಾಲೆ ರುಚಿಸಲಿಲ್ಲ. ಮೇಷ್ಟರ ಮೇಲೆ ಮರಳು ಎರಚಿ ಓಡುತ್ತಿದ್ದನೆಂಬ ಕತೆಯನ್ನು ಕೊಯಮತ್ತೂರಿನವರು ಇಂದಿಗೂ ನಗುತ್ತ ಹೇಳುವುದುಂಟು. ಕೆಳಗಿನ ತರಗತಿಗಳಲ್ಲೇ ಓದು ನಿಂತಿತು. ಮೇಷ್ಟರುಗಳಾದ ನಾವು ಇದನ್ನು ಬರೆಯುವಾಗ ಸ್ವಲ್ಪ ಮುಜುಗರಪಡುತ್ತೇವೆ. ಆದರೆ ಬರೆಯದೆ ಬಿಟ್ಟರೆ ಕತೆ ಅಪೂರ್ಣವಾಗುತ್ತದೆ.

ಹೊಲದಲ್ಲಿ ದುಡಿಯುತ್ತಿದ್ದ ಕಾಲಕ್ಕೆ ಆ ತರುಣನ ಕಣ್ಣಿಗೆ ಬಿದ್ದದ್ದು ಒಂದು ಮೋಟಾರ್ ಸೈಕಲ್. ಕಂದಾಯ ಇಲಾಖೆಯ ಬ್ರಿಟಿಷ್ ಅಧಿಕಾರಿಯೊಬ್ಬರು ಅದನ್ನೇರಿ ಹಳ್ಳಿಗೆ ಬಂದಿದ್ದರು. ಅದು ಇಂಗ್ಲೆಂಡಿನ ರಡ್ಜ್ ಕಂಪೆನಿಯ ಗಾಡಿ ಎಂದು ಹೇಳುತ್ತಾರೆ. ಎತ್ತಿಲ್ಲದೆ, ಕುದುರೆಯಿಲ್ಲದೆ ಓಡುವ ಆ ವಸ್ತುವನ್ನು ಕಂಡ ಮೇಲೆ ನಾಯ್ಡು ಅವರಿಗೆ ಹಳ್ಳಿಯಲ್ಲಿ ನಿಲ್ಲಲಾಗಲಿಲ್ಲ. ಕೊಯಮತ್ತೂರಿಗೆ ಹೋಗಿ ಹೋಟೆಲಿನಲ್ಲಿ ಮಾಣಿಯಾಗಿ ಸೇರಿದರು. ಕಾಸಿಗೆ ಕಾಸು ಕೂಡಿಸಿ ಕೊನೆಗೆ ಅಂಥ ಒಂದು ಮೋಟಾರ್ ಸೈಕಲನ್ನು ಕೊಂಡೇಬಿಟ್ಟರು. ಕೊಂಡವರು ಸವಾರಿಗೆ ಹೊರಡಲಿಲ್ಲ. ಅದರ ಒಂದೊಂದು ತಿರುಪನ್ನೂ ಬಿಚ್ಚಿ ನೆಲದ ಮೇಲೆ ಹರಡಿ, ಮತ್ತೆ ಜೋಡಿಸಿದರು. ಅದೇ ಅವರ ಪಾಠಶಾಲೆಯಾಯಿತು.

ಆಮೇಲೆ ತಿರುಪ್ಪೂರಿನಲ್ಲಿ ಹತ್ತಿಯ ವ್ಯಾಪಾರ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹತ್ತಿ ಬಿಡಿಸುವ ಕಸುಬಿನಿಂದ ಒಳ್ಳೆಯ ಸಂಪಾದನೆಯಾಯಿತು. ಆ ಹಣವನ್ನು ಹಿಡಿದುಕೊಂಡು ಬೊಂಬಾಯಿಯ ಹತ್ತಿಪೇಟೆಗೆ ಹೋಗಿ ವ್ಯವಹಾರಕ್ಕಿಳಿದರು. ಅಲ್ಲಿ ಗಂಟು ಕರಗಿತು. ಬರಿಗೈಯಲ್ಲಿ ಊರಿಗೆ ಮರಳಿದಾಗ ಅವರಿಗೆ ಹತ್ತಿರ ಹತ್ತಿರ 27 ವರ್ಷ. ಸಾಧಾರಣರಾದರೆ ಅಲ್ಲಿಗೆ ಕೈಚೆಲ್ಲಿ ಹೊಲಕ್ಕೆ ಹಿಂದಿರುಗುತ್ತಿದ್ದರು.

ಕೊಯಮತ್ತೂರಿನಲ್ಲಿ ಆಗ ರಾಬರ್ಟ್ ಸ್ಟೇನ್ಸ್ ಎಂಬ ಆಂಗ್ಲ ಉದ್ಯಮಿ ಇದ್ದರು. ಗಿರಣಿ, ಕಾಫಿ, ಶಾಲೆ ಹೀಗೆ ಹಲವು ಕಾರ್ಯಗಳಲ್ಲಿ ಕೈಯಿಟ್ಟಿದ್ದ ವೃದ್ಧರು ಅವರು. ಈ ತರುಣನ ಯಂತ್ರಪ್ರೀತಿಯನ್ನು ಗುರುತಿಸಿ, ಒಂದು ಬಸ್ಸು ಕೊಳ್ಳಲು ಹಣದ ಸಹಾಯ ಮಾಡಿದರು. 1920ರಲ್ಲಿ ಆ ಒಂದು ಬಸ್ಸು ಪೊಳ್ಳಾಚಿಯಿಂದ ಪಳನಿಗೆ ಓಡತೊಡಗಿತು. ಚಾಲಕರೂ ನಾಯ್ಡು ಅವರೇ, ಧಣಿಯೂ ಅವರೇ. ಪಳನಿಯ ಬೆಟ್ಟದ ಮೇಲಿನ ಮುರುಗನ ಕ್ಷೇತ್ರಕ್ಕೆ ತೈಪೂಸ, ಪಂಗುನಿ ಉತ್ತಿರಗಳಲ್ಲಿ ಸಾವಿರಾರು ಮಂದಿ ಕಾವಡಿ ಹೊತ್ತು ನಡೆಯುತ್ತಿದ್ದ ದಾರಿ ಅದು. ಸುಮಾರು 60 ಕಿಲೋಮೀಟರ್ ದೂರ. ಜನರಿಲ್ಲದ ದಾರಿಯಲ್ಲಿ ಬಸ್ಸು ಓಡಿಸುವುದು ಸಾಹಸ. ಜನ ಆಗಲೇ ನಡೆಯುತ್ತಿರುವ ದಾರಿಯಲ್ಲಿ ಓಡಿಸುವುದು ವಿವೇಕ. ಬೊಂಬಾಯಿಯಲ್ಲಿ ಕಳೆದದ್ದು ವ್ಯರ್ಥವಾಗಿರಲಿಲ್ಲ.

ಒಂದು ಬಸ್ಸು ಹಲವಾಯಿತು. ಹಲವು ಬಸ್ಸುಗಳಿಗೆ ಒಂದು ಹೆಸರು ಬೇಕಾಯಿತು. ಯು.ಎಂ.ಎಸ್. ಹುಟ್ಟಿದ್ದು ಹೀಗೆ. ಆ ಕಾಲದ ಬಸ್ಸುಗಳೆಂದರೆ ಜನ ತುಂಬಿದ ಮೇಲೆ ಹೊರಡುವುದು, ದಾರಿಯಲ್ಲಿ ಕೆಟ್ಟರೆ ಪ್ರಯಾಣಿಕರೇ ನೂಕುವುದು, ಇವು ಸಾಮಾನ್ಯ. ನಾಯ್ಡು ಅವರು ಗಡಿಯಾರವನ್ನು ನಂಬಿದರು. ಹೇಳಿದ ಹೊತ್ತಿಗೆ ಬಿಡಬೇಕು, ಹೇಳಿದ ಹೊತ್ತಿಗೆ ಮುಟ್ಟಬೇಕು ಎಂಬುದು ಅವರ ಕಟ್ಟಳೆ. ಬಸ್ಸು ಕೆಡುವ ಮೊದಲೇ ಅದರ ರೋಗವನ್ನು ಹಿಡಿಯಬೇಕೆಂದು ತಮ್ಮದೇ ವರ್ಕ್‌ಶಾಪು ಇಟ್ಟರು. ಇಂಜಿನಿನ ನೀರುತೊಟ್ಟಿ, ಅಂದರೆ ರೇಡಿಯೇಟರ್, ದಾರಿಯ ಕುಲುಕಾಟವನ್ನು ತಾಳುವುದೇ ಎಂದು ನೋಡಲು ಅಲುಗಾಡಿಸಿ ಪರೀಕ್ಷಿಸುವ ಒಂದು ಯಂತ್ರವನ್ನೇ ನಿರ್ಮಿಸಿದರು. ಟಿಕೆಟು ಕೊಡುವ ಯಂತ್ರವನ್ನೂ ಮಾಡಿದ್ದರೆಂದು ಹೇಳುತ್ತಾರೆ.

ಇಲ್ಲಿ ಒಂದು ಅಂಶವನ್ನು ನಾವು ಗಮನಿಸಬೇಕು. ಬಸ್ಸಿನ ಇಂಜಿನು ಪರದೇಶದ್ದು, ರಸ್ತೆ ಸರಕಾರದ್ದು, ಮೊದಲ ಬಂಡವಾಳದಲ್ಲಿ ಸ್ಟೇನ್ಸ್ ಅವರ ಪಾಲಿತ್ತು. ನಾಯ್ಡು ಅವರದೆಂದು ಹೇಳಬಹುದಾದದ್ದು ಸಮಯಪಾಲನೆ ಮತ್ತು ರಿಪೇರಿಯ ಕೈಚಳಕ, ಇವೆರಡೇ. ಆ ಮೂರಕ್ಷರದಲ್ಲಿ ತುಂಬಿದ್ದೂ ಇವೆರಡೇ. ಆದ್ದರಿಂದಲೇ ಆ ಹೆಸರು ಬಸ್ಸಿನಿಂದ ಇಳಿದು ಬೇರೆ ವಸ್ತುಗಳ ಮೇಲೆ ಹತ್ತಲು ಸಾಧ್ಯವಾಯಿತು. ಬಸ್ಸನ್ನು ಹೊತ್ತಿಗೆ ಸರಿಯಾಗಿ ಓಡಿಸುವವರು ಮಾಡಿದ ರೇಡಿಯೊವೂ ಸರಿಯಾಗಿ ಹಾಡುತ್ತದೆಂದು ಜನ ನಂಬಿದರು. ಬಣ್ಣದ ಕುಂಚದಿಂದ ಬರೆದ ಅಕ್ಷರಕ್ಕೆ ಈ ನಂಬಿಕೆ ಬರುವುದಿಲ್ಲ.

ವರ್ಕ್‌ಶಾಪಿನಲ್ಲಿ ಪಳಗಿದ ಕೈಗಳು ಸುಮ್ಮನಿರಲಿಲ್ಲ. 1930ರ ದಶಕದಲ್ಲಿ ನಾಯ್ಡು ಅವರು ಯುರೋಪು ಸುತ್ತಿ ಬಂದರು. ಸಣ್ಣ ಬ್ಯಾಟರಿಯಿಂದ ತಿರುಗುವ ಮೋಟಾರನ್ನು ಒಳಗಿಟ್ಟು ಮುಖಕ್ಷೌರದ ಯಂತ್ರವೊಂದನ್ನು ಹೊರತಂದರು. ಅದರ ಹೆಸರು ರಸಂಟ್. ಬಹಳ ತೆಳುವಾದ ಬ್ಲೇಡು, ಹಣ್ಣಿನ ರಸ ತೆಗೆಯುವ ಯಂತ್ರ, ಸೀಮೆಎಣ್ಣೆಯಿಂದ ತಿರುಗುವ ಫ್ಯಾನು, ಮೋಸಕ್ಕೆ ಎಡೆಗೊಡದೆ ಮತ ದಾಖಲಿಸುವ ಯಂತ್ರ ಹೀಗೆ ಪಟ್ಟಿ ಬೆಳೆಯುತ್ತದೆ. 1936ರಲ್ಲಿ ಲಂಡನ್ನಿನಲ್ಲಿ ಐದನೆಯ ಜಾರ್ಜ್ ದೊರೆಯ ಶವಯಾತ್ರೆಯನ್ನು ತಮ್ಮ ಕ್ಯಾಮರಾದಲ್ಲಿ ಚಲನಚಿತ್ರವಾಗಿ ಸೆರೆಹಿಡಿದರು. ಸುಮಾರು ಅದೇ ಕಾಲದಲ್ಲಿ ಚುನಾವಣೆಗೂ ನಿಂತು ಸೋತರು. ಬಸ್ಸಿನ ಹೆಸರು ಮತಪೆಟ್ಟಿಗೆಯಲ್ಲಿ ಕೆಲಸ ಮಾಡಲಿಲ್ಲ.

ಕೊಯಮತ್ತೂರಿನ ಭಾಗ್ಯ ತಿರುಗಿದ್ದು 1932ರ ಸುಮಾರಿಗೆ. ನೀಲಗಿರಿಯ ಪೈಕಾರ ಜಲವಿದ್ಯುತ್ ಯೋಜನೆಯ ಕರೆಂಟು ಕೆಳಗಿನ ಬಯಲಿಗೆ ಇಳಿದು ಬಂತು. ಸಿಂಗಾನಲ್ಲೂರು, ಪೀಳಮೇಡುಗಳಲ್ಲಿ ನೂಲಿನ ಗಿರಣಿಗಳೆದ್ದವು. ಬಾವಿಯ ನೀರೆತ್ತಲು ಎತ್ತಿನ ಬದಲು ವಿದ್ಯುತ್ ಪಂಪು ಬೇಕೆಂಬ ಆಸೆ ರೈತರಲ್ಲಿ ಹುಟ್ಟಿತು. ಆದರೆ ಮೋಟಾರು ಹೊರದೇಶದಿಂದ ಹಡಗಿನಲ್ಲಿ ಬರಬೇಕಿತ್ತು. 1937ರಲ್ಲಿ ಪೀಳಮೇಡಿನ ನ್ಯಾಷನಲ್ ಎಲೆಕ್ಟ್ರಿಕ್ ವರ್ಕ್ಸ್ ಎಂಬ ಕಾರ್ಖಾನೆಯಿಂದ ಸ್ವದೇಶೀ ವಿದ್ಯುತ್ ಮೋಟಾರು ಹೊರಬಂತು. ಭಾರತದಲ್ಲಿ ತಯಾರಾದ ಮೊದಲನೆಯ ಮೋಟಾರು ಅದೇ ಎಂಬ ಕೀರ್ತಿ ಅದಕ್ಕಿದೆ. ಈ ಕೀರ್ತಿಯಲ್ಲಿ ನಾಯ್ಡು ಅವರ ಜೊತೆಗಾರರಾಗಿದ್ದ ಡಿ. ಬಾಲಸುಂದರಂ ನಾಯ್ಡು ಅವರ ಪಾಲು ದೊಡ್ಡದು. ಅವರು ಮುಂದೆ ಟೆಕ್ಸ್‌ಟೂಲ್ ಕಂಪೆನಿಯನ್ನು ಕಟ್ಟಿ ಗಿರಣಿಯಂತ್ರಗಳ ತಯಾರಿಕೆಗೂ ಕೈಹಾಕಿದರು.

ಈ ಮೋಟಾರಿನ ಕತೆ ನಮ್ಮ ಅಡಿಕೆ ತೋಟಗಳಿಗೂ ಸಂಬಂಧಪಟ್ಟದ್ದು. ಕೆರೆಯ, ಹೊಳೆಯ, ಬಾವಿಯ ನೀರನ್ನು ತೋಟಕ್ಕೆ ಎತ್ತಿಕೊಟ್ಟ ಪಂಪುಗಳ ಮೇಲಿನ ತಗಡಿನ ಪಟ್ಟಿಯನ್ನು ಒರಸಿ ನೋಡಿದರೆ ಎಷ್ಟೋ ಕಡೆ ಕೊಯಮತ್ತೂರು ಎಂಬ ಹೆಸರು ಕಾಣುತ್ತದೆ. ಹಿಟ್ಟು ರುಬ್ಬುವ ವಿದ್ಯುತ್ ಕಲ್ಲಿಗಂತೂ ಆ ಊರಿನ ಹೆಸರಿನಲ್ಲೇ ಭೌಗೋಳಿಕ ಗುರುತು ಕಾನೂನುರೀತ್ಯಾ ದೊರೆತಿದೆ. ಒಬ್ಬರ ವರ್ಕ್‌ಶಾಪು, ಇನ್ನೊಬ್ಬರ ಮೋಟಾರು, ಮತ್ತೊಬ್ಬರ ಪಂಪು ಎಂದು ಕೂಡುತ್ತಾ ಹೋಗಿ ಕೊನೆಗೆ ಊರಿನ ಹೆಸರೇ ಒಂದು ಮಾರ್ಕಾಗಿ ನಿಂತದ್ದಕ್ಕೆ ಇದು ಸಾಕ್ಷಿ.

1941ರಲ್ಲಿ ನಾಯ್ಡು ಅವರು ಐದು ವಾಲ್ವಿನ ರೇಡಿಯೊವನ್ನು 70 ರೂಪಾಯಿಗೆ ಮಾಡಿಕೊಡಬಲ್ಲೆನೆಂದು ಸಾರಿದರು. ರೇಡಿಯೊ ಎಂದರೆ ಧನಿಕರ ಜಗಲಿಯ ಸೊತ್ತಾಗಿದ್ದ ಕಾಲವದು. ಅವರ ರೇಡಿಯೊ ಕಾರ್ಖಾನೆಗೆ ಇಟ್ಟ ಹೆಸರು ಮತ್ತೆ ಅದೇ ಯು.ಎಂ.ಎಸ್. ಮೋಟಾರ್ ಸರ್ವಿಸ್ ಎಂಬುದಕ್ಕೂ ರೇಡಿಯೊಕ್ಕೂ ಅರ್ಥದಲ್ಲಿ ಯಾವ ನಂಟೂ ಇಲ್ಲ. ಆದರೆ ಆ ಹೊತ್ತಿಗೆ ಮೂರಕ್ಷರದ ಅರ್ಥವನ್ನು ಯಾರೂ ಬಿಡಿಸಿ ನೋಡುತ್ತಿರಲಿಲ್ಲ. ಅದು ಬಸ್ಸಿನಿಂದ ಬಿಡಿಸಿಕೊಂಡು ಸ್ವತಂತ್ರ ಹೆಸರಾಗಿತ್ತು.

ಶಾಲೆ ಬಿಟ್ಟ ಈ ಮನುಷ್ಯರು ಕಾಲೇಜನ್ನೂ ಕಟ್ಟಿಸಿದರು ಎಂಬುದು ಅವರ ಬಾಳಿನ ವಿಶೇಷ. 1945ರಲ್ಲಿ, ಆಗಿನ ಮದರಾಸು ಗವರ್ನರರಾಗಿದ್ದ ಆರ್ಥರ್ ಹೋಪ್ ಅವರ ಹೆಸರಿನಲ್ಲಿ ತಾಂತ್ರಿಕ ಶಿಕ್ಷಣದ ಸಂಸ್ಥೆ ಕೊಯಮತ್ತೂರಿನಲ್ಲಿ ತೊಡಗಿತು. ಇಂಜಿನಿಯರಿಂಗಿಗೆ ನಾಲ್ಕು ವರ್ಷ ಬೇಡ, ಯಂತ್ರದ ಮುಂದೆ ನಿಲ್ಲಿಸಿ ಕಲಿಸಿದರೆ ಎರಡು ವರ್ಷ ಧಾರಾಳ ಎಂಬುದು ನಾಯ್ಡು ಅವರ ವಾದ. ಸರಕಾರ ಒಪ್ಪಲಿಲ್ಲ, ಅವರು ಹೊರಬಂದರು. ಆ ಕಾಲೇಜು ಬೇರೆಡೆಗೆ ಹೋಗಿ ಸರಕಾರಿ ತಾಂತ್ರಿಕ ಕಾಲೇಜಾಗಿ ಇಂದಿಗೂ ನಡೆಯುತ್ತಿದೆ. ಅವಿನಾಶಿ ರಸ್ತೆಯ ಹಳೆಯ ಜಾಗವನ್ನು ಮಾತ್ರ ಜನ ಈಗಲೂ ಹೋಪ್ ಕಾಲೇಜು ಎಂದೇ ಕರೆಯುತ್ತಾರೆ. ಆ ಹೆಸರಿನ ಕಾಲೇಜು ಅಲ್ಲಿ ಇಲ್ಲದಿದ್ದರೂ ಬಸ್ಸು ಅಲ್ಲಿ ನಿಲ್ಲುತ್ತದೆ.

ಎರಡು ವರ್ಷ ಸಾಕು ಎಂಬ ವಾದವನ್ನು ನಾವು ಪೂರ್ತಿಯಾಗಿ ಒಪ್ಪುವುದಿಲ್ಲ. ಮೋಟಾರ್ ಸೈಕಲನ್ನು ಬಿಚ್ಚಿ ಜೋಡಿಸಿ ತಾನೇ ಕಲಿಯುವ ಹುಡುಗ ನೂರಕ್ಕೊಬ್ಬ. ಉಳಿದ 99 ಮಂದಿಗೆ ಕಪ್ಪುಹಲಗೆಯೂ ಬೇಕು, ಹೊತ್ತೂ ಬೇಕು. ಆದರೆ ಕಪ್ಪುಹಲಗೆಯಲ್ಲಿ ಇಂಜಿನಿನ ಚಿತ್ರ ಬರೆದು, ಮಕ್ಕಳ ಕೈಗೆ ಒಂದು ಸ್ಪ್ಯಾನರನ್ನೂ ಕೊಡದೆ ಪಾಠ ಮುಗಿಸುವ ನಮ್ಮ ರೂಢಿಗೆ ಅವರ ವಾದ ಒಂದು ಏಟು ಎಂಬುದನ್ನು ಒಪ್ಪಲೇಬೇಕು.

ಇನ್ನು ಕಾರಿನ ವಿಷಯ. ಸ್ವಾತಂತ್ರ್ಯಾನಂತರ, 1952ರಲ್ಲಿ, ನಾಯ್ಡು ಅವರು ಇಬ್ಬರು ಕೂರುವ ಒಂದು ಪುಟ್ಟ ಪೆಟ್ರೋಲ್ ಕಾರನ್ನು ತಯಾರಿಸಿದರು. ಬೆಲೆ 2,000 ರೂಪಾಯಿ. ಬಸ್ಸಿನ ಹಣೆಯಲ್ಲಿ ಮೂವತ್ತು ವರ್ಷ ಬಾಳಿದ ಕೀರ್ತಿಯು ಈಗ ಬುಡದಿಂದ ತುದಿಯ ತನಕ ತನ್ನದೇ ಆದ ಗಾಡಿಯ ಮೇಲೆ ಕೂರುವ ಕಾಲ ಬಂದಿತ್ತು. ಆದರೆ ಅಷ್ಟರಲ್ಲಿ ದೇಶದಲ್ಲಿ 1951ರ ಕೈಗಾರಿಕಾ ಕಾಯಿದೆ ಬಂದಿತ್ತು. ಯಾರು ಏನನ್ನು ಎಷ್ಟು ತಯಾರಿಸಬೇಕೆಂಬುದಕ್ಕೆ ದಿಲ್ಲಿಯ ಲೈಸೆನ್ಸು ಬೇಕು. ಕಾರಿಗೆ ಲೈಸೆನ್ಸು ದೊರೆಯಲಿಲ್ಲ. ತಯಾರಿಕೆ ನಿಂತುಹೋಯಿತು. ಎ.ಎಂ.ಜಿ.ಗೆ 2009ರಲ್ಲಿ ಕೈಗೂಡಿದ್ದು ನಮ್ಮ ನಾಡಿನ ಯಂತ್ರಶಿಲ್ಪಿಗೆ 1952ರಲ್ಲಿ ಕೈಗೂಡದೆ ಹೋಯಿತು.

ಇದರಲ್ಲಿ ತಪ್ಪು ಯಾರದು? ದೇಶದಲ್ಲಿ ಉಕ್ಕು ಕಡಿಮೆ, ವಿದೇಶೀ ವಿನಿಮಯ ಕಡಿಮೆ. ಇದ್ದುದನ್ನು ಅಳೆದು ಹಂಚಬೇಕೆಂಬ ಸರಕಾರದ ಚಿಂತನೆಗೂ ಕಾರಣವಿತ್ತು. ಆದರೆ ಅಳತೆಗೋಲು ಹಿಡಿದವರಿಗೆ ಪುಟ್ಟ ಕಾರಿನ ಬೆಲೆ ತಿಳಿಯಲಿಲ್ಲವೆಂಬುದೂ ನಿಜ. ನಾಯ್ಡು ಅವರ ಸ್ವಭಾವವೂ ಮೃದುವಾದುದಲ್ಲ. ತೆರಿಗೆಯ ಭಾರ ಮತ್ತು ಲೈಸೆನ್ಸಿನ ಕಟ್ಟುಪಾಡುಗಳಿಂದ ರೊಚ್ಚಿಗೆದ್ದು, 1950ರ ದಶಕದಲ್ಲಿ ತಮ್ಮ ತಯಾರಿಕೆಯ ಸಾಮಾನುಗಳನ್ನು ತಾವೇ ಬಹಿರಂಗವಾಗಿ ಒಡೆದು ಹಾಕಿ ಪ್ರತಿಭಟಿಸಿದರು. ಕಂಡವರಲ್ಲಿ ಮೆಚ್ಚಿದವರೂ ಇದ್ದರು, ಇದು ಬಡವರಿಗೆ ಹಂಚಬಹುದಾಗಿದ್ದ ಸಂಪತ್ತಲ್ಲವೇ ಎಂದು ಮರುಗಿದವರೂ ಇದ್ದರು. ನಾವು ಮರುಗುವವರ ಪಕ್ಷ. ಒಡೆದ ವಸ್ತು ಯಾರಿಗೂ ಪಾಠ ಹೇಳುವುದಿಲ್ಲ.

ಕೊನೆಯ ವರ್ಷಗಳಲ್ಲಿ ಅವರ ಆಸಕ್ತಿ ಬೇಸಾಯದ ಕಡೆಗೂ ಹರಿಯಿತು. ಹತ್ತು ಅಡಿ ಎತ್ತರದ ಹತ್ತಿ ಗಿಡ ಬೆಳೆಸಿದರು. ಪಪ್ಪಾಯಿ ಮುಂತಾದ ಗಿಡಗಳ ಮೇಲೆ ಪ್ರಯೋಗ ನಡೆಸಿದರು. ಬೆಳಿಗ್ಗೆ ಅಸ್ತಿಭಾರ ಹಾಕಿ ಸಂಜೆಯೊಳಗೆ ಮನೆ ಕಟ್ಟಿ ತೋರಿಸಿದ ಸಂಗತಿಯೂ ಪ್ರಸಿದ್ಧವಾದುದು. ಅಲ್ಲೂ ಅದೇ ಗಡಿಯಾರದ ಹಟ. ನೊಬೆಲ್ ಪುರಸ್ಕೃತರಾದ ಸರ್ ಸಿ.ವಿ. ರಾಮನ್ ಅವರು ಇವರ ಪ್ರತಿಭೆಯನ್ನು ಮನಸಾರೆ ಹೊಗಳಿದ್ದರು. 1974ರ ಜನವರಿ 4ರಂದು, 80 ವರ್ಷ ತುಂಬಿದ ನಾಯ್ಡು ಅವರು ಕಣ್ಣುಮುಚ್ಚಿದರು.

ಅವರು ಗತಿಸಿ ಐವತ್ತು ವರ್ಷ ದಾಟಿತು. ಪಳನಿಯ ದಾರಿಯಲ್ಲಿ ಯು.ಎಂ.ಎಸ್. ಬಸ್ಸಿಗೆ ಕಾಯುವವರು ಈಗಿಲ್ಲ. ಆದರೆ ಅದೇ ಮೂರಕ್ಷರ ಹೊತ್ತ ಉದ್ಯಮ ಕೊಯಮತ್ತೂರಿನಲ್ಲಿ ಅವರ ನಂತರವೂ ಬಾಳಿದೆ. ಅವರ ಹೆಸರಿನ ಮೊದಲಕ್ಷರಗಳಾದ ಜೀ ಮತ್ತು ಡೀ ಕೂಡಿ ಜೀಡೀ ಎಂಬ ಇನ್ನೊಂದು ಹೆಸರೂ ಬೆಳೆಯಿತು. 2015ರಲ್ಲಿ ಆ ಹೆಸರಿನಲ್ಲಿ ಹಳೆಯ ಕಾರುಗಳ ಸಂಗ್ರಹಾಲಯ ಅವಿನಾಶಿ ರಸ್ತೆಯಲ್ಲಿ ತೆರೆಯಿತು. 2025ರ ಅಕ್ಟೋಬರ್ 9ರಂದು ಅದೇ ರಸ್ತೆಯ ಮೇಲೆ 10 ಕಿಲೋಮೀಟರಿಗೂ ಮಿಕ್ಕಿದ ಮೇಲ್ಸೇತುವೆ ಉದ್ಘಾಟನೆಯಾಯಿತು. ಅದಕ್ಕೆ ತಮಿಳುನಾಡು ಸರಕಾರ ಇಟ್ಟ ಹೆಸರು ಜಿ.ಡಿ. ನಾಯ್ಡು ಮೇಲ್ಸೇತುವೆ. ಒಂದು ಕಾಲಕ್ಕೆ ಸರಕಾರದೊಡನೆ ಗುದ್ದಾಡಿದವರ ಹೆಸರನ್ನು ಇಂದು ಸರಕಾರದ ಸೇತುವೆಯೇ ಹೊತ್ತುಕೊಂಡಿದೆ.

ಈಗ ಆರಂಭದ ಪ್ರಶ್ನೆಗೆ ಬರೋಣ. ನಾಯ್ಡು ಅವರು ಮಾಡಿದ್ದರಲ್ಲಿ ಉಳಿದದ್ದು ಯಾವುದು, ಅಳಿದದ್ದು ಯಾವುದು ಎಂದು ಎರಡು ಸಾಲಾಗಿ ಬರೆದು ನೋಡಿದರೆ ಉತ್ತರ ತಾನಾಗಿ ಕಾಣುತ್ತದೆ. ಪುಟ್ಟ ಕಾರು, ಸೀಮೆಎಣ್ಣೆಯ ಫ್ಯಾನು, ಮತ ದಾಖಲಿಸುವ ಯಂತ್ರ ಇವು ಅವರೊಬ್ಬರ ತಲೆಯಲ್ಲಿ ಹುಟ್ಟಿ ಅವರೊಬ್ಬರ ಕೈಯಲ್ಲೇ ನಿಂತವು, ಅವರೊಡನೆ ಹೋದವು. ಮೋಟಾರು, ವರ್ಕ್‌ಶಾಪಿನ ಶಿಸ್ತು, ಕಾಲೇಜು ಇವು ಬೇರೆಯವರ ಕೈ ಸೇರಿದವು; ಬೆಳೆದವು. ಹೆಸರು ತನ್ನ ಕಾಲ ಮೇಲೆ ನಿಲ್ಲುವುದೆಂದರೆ ಅದರ ಒಡೆಯ ಇಲ್ಲದಾಗಲೂ ಆ ಹೆಸರಿನ ಕೆಲಸವನ್ನು ಅಷ್ಟೇ ಚೊಕ್ಕವಾಗಿ ಮಾಡುವ ಬೇರೆ ಕೈಗಳು ಸಿದ್ಧವಾಗಿರುವುದು ಎಂದೇ ಅರ್ಥ. ಅಬಾರ್ಥ್‌ನ ಚೇಳು ಮತ್ತೆ ಎದ್ದದ್ದೂ ಇದರಿಂದಲೇ.

ಮನೆಯಲ್ಲಿ ಒಂದು ಭಾಷೆ, ರಸ್ತೆಯಲ್ಲಿ ಇನ್ನೊಂದು ಭಾಷೆ ಎಂಬ ಸ್ಥಿತಿ ನಮ್ಮ ಮಕ್ಕಳಿಗೆ ಹೊಸತಲ್ಲ. ಇದರಿಂದಾಗಿ ತಮಗೆ ದಾರಿಯಿಲ್ಲವೆಂದು ಎಷ್ಟೋ ಹುಡುಗರು ಹತ್ತನೆಯ ತರಗತಿಯಲ್ಲೇ ತೀರ್ಮಾನಿಸಿಬಿಡುತ್ತಾರೆ. ತೆಲುಗು ಮನೆಮಾತಿನ ಹುಡುಗನೊಬ್ಬ ತಮಿಳು ನಾಡಿನಲ್ಲಿ, ಆಂಗ್ಲ ಧಣಿಯ ಸಹಾಯದಿಂದ, ಪರದೇಶದ ಇಂಜಿನಿನ ಮೇಲೆ ತನ್ನ ಹೆಸರನ್ನು ನಿಲ್ಲಿಸಿದ್ದನ್ನು ಅವರಿಗೆ ಹೇಳಬೇಕು. ಅವನ ಹೆಸರನ್ನು ನಿಲ್ಲಿಸಿದ್ದು ಹೊತ್ತಿಗೆ ಸರಿಯಾಗಿ ಹೊರಟ ಬಸ್ಸು ಎಂಬುದನ್ನೂ ಹೇಳಬೇಕು. ಜೊತೆಗೆ, ಕಲಿತದ್ದನ್ನು ತನ್ನಲ್ಲೇ ಇಟ್ಟುಕೊಳ್ಳದೆ ಇನ್ನೊಬ್ಬರ ಕೈಗೆ ಕೊಟ್ಟಾಗ ಮಾತ್ರ ಅದು ತನ್ನ ಕಾಲದ ನಂತರವೂ ಉಳಿಯುತ್ತದೆ ಎಂಬುದನ್ನು ತಿಳಿಸಬೇಕು. ಈ ಕೊನೆಯ ಮಾತು ಮಕ್ಕಳಿಗಷ್ಟೇ ಅಲ್ಲ, ಮೇಷ್ಟರುಗಳಾದ ನಮಗೂ ಸಲ್ಲುತ್ತದೆ.